ಸೈಬರ್ ಎಂಬ ಹೆಸರಿನ ಬೆನ್ನು ಬಿಟ್ಟ ಮೇಲೆ ಸಿಕ್ಕಿದ ವಿದ್ಯಾರ್ಥಿವೇತನ

ಕಂಪ್ಯೂಟರ್ ಓದದ ತಾಲ್ಲೂಕು ನ್ಯಾಯಾಲಯದ ಜೂನಿಯರ್‌ಗೆ ಸೈಬರ್ ಭದ್ರತೆ ಕಲಿಯಲು ಯಾರು ದುಡ್ಡು ಕೊಡುತ್ತಾರೆ ಎಂದು ವಕೀಲರ ಸಂಘದಲ್ಲಿ ನಕ್ಕವರಿದ್ದರು. ಬ್ರಿಟನ್ ಸರ್ಕಾರ ಕೊಟ್ಟಿತು. ಚೀವ್ನಿಂಗ್ ಆಯ್ಕೆಪತ್ರ ಬಂದ ದಿನ ಅವರಿಗೆಲ್ಲ ನಾನೇ ಚಹಾ ಕೊಡಿಸಿದೆ.

ಅದಕ್ಕೆ ಮೊದಲು ಒಂದಿಡೀ ವರ್ಷ ‘ಸೈಬರ್’ ಎಂಬ ಪದವಿರುವ ವಿದ್ಯಾರ್ಥಿವೇತನಗಳನ್ನೇ ಜಾಲಾಡಿದ್ದೆ. ಅಮೆರಿಕ ಸರ್ಕಾರದ ಸೈಬರ್‌ಕಾರ್ಪ್ಸ್ ವಿದ್ಯಾರ್ಥಿವೇತನ ಅಲ್ಲಿನ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಬ್ರಿಟನ್ನಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯದ ಚೀವ್ನಿಂಗ್ ಸೈಬರ್ ಫೆಲೋಶಿಪ್ ವೃತ್ತಿಯಲ್ಲಿ ಪಳಗಿದವರಿಗೆ, ಅದೂ ಕೆಲವೇ ವಾರಗಳದ್ದು. ಖಾಸಗಿ ಟ್ರಸ್ಟ್ ಒಂದರ ಸಂದರ್ಶನದಲ್ಲಿ ಎಂಜಿನಿಯರಿಂಗ್ ಪದವಿ ಇಲ್ಲವೇ ಎಂದು ಕೇಳಿ ಐದೇ ನಿಮಿಷಕ್ಕೆ ಎಬ್ಬಿಸಿ ಕಳಿಸಿದರು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಹೆಚ್ಚುಕಡಿಮೆ 17,000 ರೂಪಾಯಿ, ಅಂಕಪಟ್ಟಿ, ಕೊರಿಯರ್, ಬೆಂಗಳೂರಿಗೆ ಓಡಾಟ ಎಲ್ಲ ಸೇರಿ 40,000ದ ಆಸುಪಾಸು ಕೈಬಿಟ್ಟಿತು. ಸೀನಿಯರ್ ಕೊಡುತ್ತಿದ್ದುದು ತಿಂಗಳಿಗೆ ಆರೇಳು ಸಾವಿರ. ಎಥಿಕಲ್ ಹ್ಯಾಕಿಂಗ್ ಸರ್ಟಿಫಿಕೇಟ್ ಮಾಡಿಕೋ ಎಂದು ಗೆಳೆಯರು ಬೆನ್ನು ಬಿದ್ದಿದ್ದರು. ಅದಕ್ಕೆ ದುಡ್ಡು ಸುರಿಯದೆ ಉಳಿದದ್ದು ನನ್ನ ಜಾಣತನ ಎಂದೇ ಈಗಲೂ ಹೇಳುತ್ತೇನೆ.

ಮರುವರ್ಷ ದಾರಿ ತಿರುಗಿಸಿದೆ. ಯಾವ ವಿಷಯಕ್ಕೂ ಕೊಡುವ ಚೀವ್ನಿಂಗ್‌ನ ಸಾಮಾನ್ಯ ವಿದ್ಯಾರ್ಥಿವೇತನಕ್ಕೆ ವಕೀಲನಾಗಿಯೇ ಅರ್ಜಿ ಹಾಕಿದೆ. ಪ್ರಬಂಧಗಳಲ್ಲಿ ‘ಜಾಗತಿಕ ಸೈಬರ್ ಬೆದರಿಕೆ’ಯಂಥ ದೊಡ್ಡ ಮಾತು ಒಂದೂ ಇರಲಿಲ್ಲ. ಇದ್ದದ್ದು ಒಂದೇ ವಿಷಯ: ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಂ ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂತಲ್ಲ, ಅದರ ನಮೂನೆಯಲ್ಲಿ ಹ್ಯಾಶ್ ಮೌಲ್ಯ ಬರೆಯಬೇಕು. ಅದು ಕಡತದ ಬೆರಳಚ್ಚಿನಂಥ ಸಂಕೇತ; ಕಡತ ಚೂರು ಬದಲಾದರೂ ಅದು ಬದಲಾಗುತ್ತದೆ. ನಮ್ಮಲ್ಲಿ ಎಷ್ಟು ಜನ ಆ ಜಾಗವನ್ನು ಖಾಲಿ ಬಿಡುತ್ತಾರೆ ಎಂಬುದು ನಿಮಗೂ ಗೊತ್ತು.

ಇದರ ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಒಂದು ವಿಡಿಯೊವನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿ ಎರಡೂ ಕಡೆ ಎಸ್‌ಎಚ್‌ಎ-256 ಎಂಬ ವಿಧಾನದಲ್ಲಿ ಹ್ಯಾಶ್ ತೆಗೆದು ನೋಡಿದರೆ ಹೊಂದಲಿಲ್ಲ. ಆ್ಯಪ್ ವಿಡಿಯೊವನ್ನು ಕುಗ್ಗಿಸಿ ಕಳಿಸುತ್ತದೆ. ಅದನ್ನೇ ಡಾಕ್ಯುಮೆಂಟ್ ಆಗಿ ಕಳಿಸಿದಾಗ ಅಕ್ಷರಕ್ಕಕ್ಷರ ಹೊಂದಿತು. ಇಬ್ಬರು ಕಕ್ಷಿದಾರರ ಫೋನಿನಲ್ಲೂ ಹೀಗೇ ಆಯಿತು. ಸಂದರ್ಶನದ ಅರ್ಧ ಹೊತ್ತು ಈ ಮಾತಿನಲ್ಲೇ ಕಳೆಯಿತು.

ಚೀವ್ನಿಂಗ್ ಕೇಳುವ 2,800 ಗಂಟೆಗಳ ಕೆಲಸದ ಅನುಭವ ಎಂದೊಡನೆ ಜೂನಿಯರ್‌ಗಳು ಹಿಂಜರಿಯುತ್ತಾರೆ, ಸಂಬಳದ ಚೀಟಿ ಎಲ್ಲಿಂದ ತರುವುದು ಎಂದು. ಸಂಬಳವಿಲ್ಲದ ಕೆಲಸವೂ ಲೆಕ್ಕಕ್ಕಿದೆ. ನಾನು ಕೇಸ್ ಡೈರಿಗಳನ್ನು ಹರವಿಕೊಂಡು ಕೂತು ಗಂಟೆ ಕೂಡಿಸಿದೆ; ಮೂರು ಸಾವಿರ ದಾಟಿತು. ಎರಡು ಶಿಫಾರಸು ಪತ್ರಗಳಲ್ಲಿ ಒಂದನ್ನು ಸೀನಿಯರ್ ಬರೆದರು. ಇನ್ನೊಂದನ್ನು ಯಾರಿಂದ, ಏನು ಹೇಳಿ ಬರೆಸಿದೆ ಎಂಬುದು ನನ್ನಲ್ಲೇ ಇರಲಿ. ಮುಂದಿನ ಸಲ ನನ್ನ ತಂಗಿಯೂ ಅರ್ಜಿ ಹಾಕುವವಳಿದ್ದಾಳೆ.

ಮೂರು ಕೋರ್ಸ್‌ಗಳ ಆಯ್ಕೆಯಲ್ಲಿ ಎಡಿನ್‌ಬರೋದ ‘ನಾವೀನ್ಯ, ತಂತ್ರಜ್ಞಾನ ಮತ್ತು ಕಾನೂನು’ ಎಲ್‌ಎಲ್‌ಎಂ ಅನ್ನು ಮೊದಲಿಗಿಟ್ಟೆ. ವಿಶ್ವವಿದ್ಯಾಲಯಕ್ಕೆ ಬೇರೆಯೇ ಅರ್ಜಿ ಹಾಕಬೇಕು, ಇದನ್ನು ಮುಂದೂಡಬೇಡಿ. ಓದು ಮುಗಿದ ಮೇಲೆ ಎರಡು ವರ್ಷ ಭಾರತದಲ್ಲಿರಬೇಕೆಂಬ ಷರತ್ತು ನನಗಂತೂ ಹೊರೆಯಲ್ಲ, ನನ್ನ ಕೇಸುಗಳು ಇಲ್ಲೇ ಇವೆ. ಅಲ್ಲೇ ನೆಲೆಸುವ ಆಸೆ ಇರುವವರು ಜೆ.ಎನ್. ಟಾಟಾ ಎಂಡೋಮೆಂಟ್ ಅಥವಾ ಕೆ.ಸಿ. ಮಹೀಂದ್ರ ಟ್ರಸ್ಟ್‌ನ ಬಾಗಿಲು ತಟ್ಟಲಿ. ಆದರೆ ಎರಡೂ ಕೊಡುವುದು ಸಾಲ, ತೀರಿಸಬೇಕು.