ಮಗುವನ್ನು ಶಾಲೆಗೆ ಸೇರಿಸುವ ಮುಂಚೆ ನಾನು ನೋಡುವುದು

‘20ರವರೆಗೆ ಎಣಿಸುತ್ತಾಳೆ’ ಎಂದು ತಂದೆತಾಯಿ ಹೇಳಿದಾಗ ನಾನು ಮೇಜಿನ ಮೇಲೆ 10 ದೊಡ್ಡ ಮಣಿ ಸುರಿದು ‘ನನಗೆ 5 ಕೊಡು’ ಅನ್ನುತ್ತೇನೆ. ಎಷ್ಟೋ ಮಕ್ಕಳು ಒಂದು, ಎರಡು ಎಂದು ರಾಗವಾಗಿ ಹೇಳುತ್ತಾ ಹತ್ತನ್ನೂ ಕೈಗೆ ಹಾಕಿಬಿಡುತ್ತಾರೆ. ಅದು ಬಾಯಿಪಾಠ. 5ಕ್ಕೆ ನಿಲ್ಲಿಸಿದರೆ ಲೆಕ್ಕ ತಿಳಿದಿದೆ ಎಂದರ್ಥ. ತಿಳಿಯದಿದ್ದರೂ ಚಿಂತೆಯಿಲ್ಲ, ಅದನ್ನು ಕಲಿಸುವುದಕ್ಕೇ ತಾನೆ ಶಾಲೆ ಇರುವುದು.

ನನಗೆ ಚಿಂತೆ ಚಡ್ಡಿಯ ಗುಂಡಿಯದು. ಒಂದು ಎರಡಕ್ಕೆ ಅವಸರವಾದಾಗ ಮಕ್ಕಳು ಸೋಲುವುದು ಅಲ್ಲೇ. ಮೊದಲ ತಿಂಗಳು ಎಲಾಸ್ಟಿಕ್ ಸೊಂಟದ ಬಟ್ಟೆ ಹಾಕಿ ಕಳಿಸಿ. ಗುಂಡಿ ಹಾಕುವುದನ್ನು ಕೊನೆಯಿಂದ ಕಲಿಸಬೇಕು: ಗುಂಡಿಯನ್ನು ತೂತಿನಲ್ಲಿ ಅರ್ಧ ತೂರಿಸಿ ನೀವು ನಿಲ್ಲಿಸಿ, ಎಳೆಯುವುದಷ್ಟು ಮಗುವಿನ ಪಾಲು. ಅದು ಕೈಗೆ ಹತ್ತಿದ ಮೇಲೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ಮೊದಲಿಂದ ಹಿಡಿದರೆ ಮಗು ಕಷ್ಟದ ಭಾಗದಲ್ಲೇ ಬೇಸತ್ತು ಕೈಬಿಡುತ್ತದೆ.

ಆಮೇಲೆ ಜೋಡಿ ಸೂಚನೆ: ‘ಚೀಲ ಮೂಲೆಯಲ್ಲಿಟ್ಟು ಕೆಂಪು ಪುಸ್ತಕ ತಗೊಂಡು ಬಾ.’ ಹೇಳುವಾಗ ಬೆರಳು ತೋರಿಸಬಾರದು, ಆ ಕಡೆ ನೋಡಲೂಬಾರದು. ಮಕ್ಕಳು ನಮ್ಮ ಕಣ್ಣನ್ನೇ ಓದಿಬಿಡುತ್ತಾರೆ. ಎದುರಿಗೆ ನಿಂತು ಹೇಳಿದರೆ ಮಾಡಿ, ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳಿದರೆ ಮಾಡದ ಮಗುವನ್ನು ಕಿವಿ ಪರೀಕ್ಷೆಗೆ ಕಳಿಸುತ್ತೇನೆ. ನೆಗಡಿಯಾದ ಮೇಲೆ ಕೆಲವು ಮಕ್ಕಳಿಗೆ ಕಿವಿತಮಟೆಯ ಹಿಂದೆ ದ್ರವ ನಿಂತು ಕೇಳಿಸುವುದು ಮಂದವಾಗಿರುತ್ತದೆ, ಕೆಲವು ದಿನ ಸರಿ, ಕೆಲವು ದಿನ ಇಲ್ಲ. ಹೊರಗಿನವರಿಗೆ ಅದು ಹಟದಂತೆ ಕಾಣುತ್ತದೆ.

ಕೈಯ ಹದ ನೋಡಲು ಆಕಾರ ಬರೆಸುತ್ತೇನೆ. ಸುಮಾರಾಗಿ 3 ವರ್ಷಕ್ಕೆ ವೃತ್ತ, 4ಕ್ಕೆ ಕೂಡಿಸುವ ಚಿಹ್ನೆ, 5ರ ಹೊತ್ತಿಗೆ ಚೌಕ, ಅದಾದ ಮೇಲೆ ತ್ರಿಕೋನ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವವರಿಗೆ ಅಕ್ಷರ ತಿದ್ದಿಸುವುದು ಬೇಡ. ಕ್ರೇಯಾನನ್ನು ಎರಡು ಸೆಂಟಿಮೀಟರಿಗೆ ಮುರಿದು ಕೊಡಿ. ಅಷ್ಟು ಚಿಕ್ಕ ತುಂಡು ಮುಷ್ಟಿಗೆ ಸಿಗುವುದಿಲ್ಲ, ಬೆರಳ ತುದಿಗೇ ಬರಬೇಕು.

ಬಾಗಿಲಲ್ಲಿ ಅತ್ತರೆ ಮಗು ಇನ್ನೂ ತಯಾರಿಲ್ಲ ಅಂತಲ್ಲ. ಕಾಲು ಗಂಟೆಯಲ್ಲಿ ಯಾರ ಪಕ್ಕದಲ್ಲಾದರೂ ಕೂತು ಆಟಕ್ಕೆ ಇಳಿದರೆ ಸಾಕು. ಕದ್ದು ಹೊರಟುಹೋಗುವ ಪೋಷಕರಿಂದಲೇ ಅಳು ಬೆಳೆಯುತ್ತದೆ. ಮರುದಿನ ಮಗು ಸೆರಗು, ಅಂಗಿ ಬಿಡುವುದೇ ಇಲ್ಲ. ‘ಊಟ ಆದ ಕೂಡಲೇ ಬರ್ತೀನಿ’ ಎಂದು ಒಮ್ಮೆ ಹೇಳಿ ಹೊರಡಿ, ಆ ಹೊತ್ತಿಗೆ ಸರಿಯಾಗಿ ಬನ್ನಿ.