ಭಾವನನ್ನು ಬೈಯದೆ ಬಿಜಿಎಂಐ ಆಡುವುದು ಹೇಗೆ

ನನ್ನದು ತಿಪಟೂರಿನಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿ. ರಾತ್ರಿ ಒಂಬತ್ತಕ್ಕೆ ಶಟರ್ ಎಳೆದು, ಊಟ ಮುಗಿಸಿ, ಹತ್ತರ ಹೊತ್ತಿಗೆ ಬಿಜಿಎಂಐಗೆ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಗುಂಡಿನ ಕಾಳಗದ ಮೊಬೈಲ್ ಆಟಕ್ಕೆ, ಕೂರುತ್ತೇನೆ. ನಾಲ್ವರ ತಂಡ, ಅಂದರೆ ಸ್ಕ್ವಾಡ್‌ನಲ್ಲಿ ನಾನು, ಚಿಕ್ಕಪ್ಪನ ಮಗ, ಪಕ್ಕದ ಬೇಕರಿಯ ಹುಡುಗ ಮತ್ತು ಭಾವ. ಅಕ್ಕನ ಗಂಡ. ಹಾಸನದಲ್ಲಿ ಗೂಡ್ಸ್ ಟೆಂಪೋ ಓಡಿಸುತ್ತಾರೆ, ವಯಸ್ಸು 42. ಅವರು ಸೇರಿದ ಮೊದಲ ತಿಂಗಳು ನಮ್ಮ ಸ್ಕ್ವಾಡ್ ಮೂರು ಕಾಲಿನ ಮಂಚ.

ಬೇರೆ ಯಾರಾದರೂ ಆಗಿದ್ದರೆ ಎರಡನೇ ದಿನವೇ ತೆಗೆದುಬಿಡುತ್ತಿದ್ದೆವು. ಭಾವನನ್ನು ತೆಗೆದರೆ ಹಬ್ಬಕ್ಕೆ ಅಕ್ಕನ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಬೈಯುವ ಹಾಗೂ ಇಲ್ಲ. ಬೇರೆ ದಾರಿ ಹುಡುಕಲೇಬೇಕಾಯ್ತು. ನಿಮ್ಮ ಸ್ಕ್ವಾಡ್‌ನಲ್ಲೂ ಇಂಥವರೊಬ್ಬರು ಇದ್ದರೆ ಓದಿ.

ಮೊದಲು ಅವರ ಫೋನ್ ನೋಡಿ. ಅಂಗಡಿಯವನ ಚಾಳಿ ಅಂದುಕೊಂಡರೂ ಪರವಾಗಿಲ್ಲ. ನೂಬ್, ಅಂದರೆ ಆಟ ಬಾರದವರು, ಅನ್ನಿಸಿಕೊಂಡ ಎಷ್ಟೋ ಜನರ ಫೋನ್ ನನ್ನ ಟೇಬಲ್ ಮೇಲೆ ಬಂದಿವೆ. ಆಟಗಾರನಿಗಿಂತ ಫೋನೇ ಮೊದಲು ಸುಸ್ತಾಗಿರುತ್ತದೆ. ಭಾವನ ಫೋನ್ 3 ಜಿಬಿ ರ‍್ಯಾಮಿನದು. ಸ್ಟೋರೇಜ್ ತುಂಬಾ ವಾಟ್ಸಾಪ್‌ನ ಶುಭೋದಯದ ಚಿತ್ರಗಳು. ಪವರ್ ಸೇವರ್ ಸದಾ ಆನ್. ಮೇಲೆ ಐವತ್ತು ರೂಪಾಯಿಯ ಟೆಂಪರ್ಡ್ ಗ್ಲಾಸ್, ಅದರ ಒಂದು ಮೂಲೆ ಎದ್ದು ಗಾಳಿ ಸೇರಿತ್ತು. ಫೈರ್ ಬಟನ್ ಇರುವುದೇ ಆ ಮೂಲೆಯಲ್ಲಿ! ಅವರು ಒತ್ತುತ್ತಿದ್ದರು, ಗುಂಡು ಹೋಗುತ್ತಿರಲಿಲ್ಲ. ನಾವು ಇಲ್ಲಿ ಹಲ್ಲು ಕಡಿಯುತ್ತಿದ್ದೆವು.

ಗ್ಲಾಸ್ ಬದಲಿಸಿದೆ. ಗ್ರಾಫಿಕ್ಸ್ ಅನ್ನು ಎಚ್‌ಡಿಯಿಂದ ಸ್ಮೂತ್‌ಗೆ ಇಳಿಸಿ, ಪವರ್ ಸೇವರ್ ತೆಗೆದು, ಮೂರ್ನಾಲ್ಕು ಜಿಬಿ ಜಾಗ ಖಾಲಿ ಮಾಡಿದೆ. ಚಾರ್ಜಿಗೆ ಹಾಕಿಕೊಂಡು ಆಡಬೇಡಿ ಎಂದು ಕೈ ಮುಗಿದು ಹೇಳಿದೆ. ಫೋನ್ ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಫ್ರೇಮ್ ಡ್ರಾಪ್ ಶುರುವಾಗಿ ಚಿತ್ರ ತಡೆತಡೆದು ಓಡುತ್ತದೆ. ಬೆರಳು ಎಳೆದರೆ ನೋಟ ಎಷ್ಟು ತಿರುಗಬೇಕು ಎಂಬ ಸೆಟ್ಟಿಂಗಿಗೆ ಯಾವುದೋ ಯೂಟ್ಯೂಬರ್‌ನ ಸೆನ್ಸಿಟಿವಿಟಿ ಕೋಡ್ ಹಾಕಿಕೊಂಡಿದ್ದರು, ಅದನ್ನೂ ಅಳಿಸಿದೆ. ಅವನ ಫೋನು, ಅವನ ಬೆರಳು, ಅವನ ಅಭ್ಯಾಸಕ್ಕೆ ಕೂತ ಲೆಕ್ಕ ನಮ್ಮ ಭಾವನಿಗೆ ಹೇಗೆ ಕೂರುತ್ತದೆ? ಅಷ್ಟು ಮಾಡಿದ್ದಕ್ಕೇ ಅರ್ಧ ಸಮಸ್ಯೆ ಕಡಿಮೆಯಾಯಿತು.

ಉಳಿದರ್ಧ ಮಾತಿನದು. ಮೈಕಿನಲ್ಲಿ ಭಾವ "ಅಲ್ಲಿ, ಅಲ್ಲಿ! ಮನೆ ಹತ್ರ!" ಅನ್ನುವರು. ಎರಾಂಗೆಲ್ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಮ್ಯಾಪ್. ಯಾವ ಮನೆ? ಅದಕ್ಕೆ ಒಂದು ವಾರ ಅವರಿಗೆ ಒಂದೇ ಪಾಠ. ಸ್ಕ್ರೀನಿನ ಮೇಲ್ತುದಿಯ ದಿಕ್ಸೂಚಿಯ ನಂಬರ್ ಓದುವುದು. ಶತ್ರು ಕಂಡರೆ ಗುಂಡು ಹೊಡೆಯುವುದೇ ಬೇಡ, "ಇನ್ನೂರ ಹತ್ತು, ಮರದ ಹಿಂದೆ" ಅಂದರೆ ಸಾಕು. ಟೆಂಪೋದವರಿಗೆ ಕಿಲೋಮೀಟರ್ ಕಲ್ಲು ಓದುವ ಕಣ್ಣು ಇರುತ್ತದಲ್ಲ, ನಾಲ್ಕೇ ದಿನದಲ್ಲಿ ಹಿಡಿದುಬಿಟ್ಟರು.

ನಾವೂ ಬಾಯಿ ತಿದ್ದಿಕೊಳ್ಳಬೇಕಾಯ್ತು. "ಏನ್ ಮಾಡ್ತಿದ್ದೀರಾ ಭಾವ?" ಎಂದು ಕೇಳಿದರೆ ಅದಕ್ಕೆ ಉತ್ತರ ಇಲ್ಲ, ಗಾಬರಿ ಮಾತ್ರ. "ಭಾವ, ಎಡಗಡೆ ಕಲ್ಲಿನ ಹಿಂದೆ ಹೋಗಿ, ಮಲಗಿ" ಅಂದರೆ ಕೆಲಸ ಆಗುತ್ತದೆ. ಅವರು ನಾಕ್ ಆದ, ಅಂದರೆ ಗುಂಡು ತಿಂದು ಬಿದ್ದೂ ಇನ್ನೂ ಸಾಯದ ಹೊತ್ತಲ್ಲಿ ತಪ್ಪಿನ ಮಾತು ಬೇಡ. ಮ್ಯಾಚ್ ಮುಗಿದ ಮೇಲೆ ಹೇಳಿ, ಅದೂ ಒಂದೇ ಒಂದು. ಐದು ತಪ್ಪು ಹೇಳಿದರೆ ಆರನೆಯದು ನಿಮ್ಮದು.

ಆಮೇಲೆ ಒಂದು ಕೆಲಸ ಕೊಡಿ. ಇಲ್ಲಿ ನಾನು ಎಡವಿದೆ. ದಿನವಿಡೀ ಸ್ಟೇರಿಂಗ್ ಹಿಡಿಯುವವರು, ಡ್ರೈವಿಂಗ್ ಕೊಟ್ಟರೆ ಸರಿ ಎಂದುಕೊಂಡೆ. ಭಾವ ರಸ್ತೆ ಬಿಟ್ಟು ಕೆಳಗಿಳಿಯಲೇ ಇಲ್ಲ! ಹೊಲದ ಮೇಲೆ ಹೋಗಿ ಅಂದರೆ "ಆಕ್ಸಲ್ ಹೋಗುತ್ತೆ ಕಣೋ" ಎಂದರು. ನೇರ ಮಿಲಿಟರಿ ಬೇಸ್‌ನ ಸೇತುವೆ ಮೇಲೆ ಹತ್ತಿಸಿದರು. ಆ ಸೇತುವೆಯಲ್ಲಿ ಜನ ಕಾಯುತ್ತಾ ಕೂತಿರುವುದು ಚಿಕ್ಕ ಮಕ್ಕಳಿಗೂ ಗೊತ್ತು. ನಾಲ್ವರೂ ಅಲ್ಲೇ ಮುಗಿದೆವು.

ಅವರಿಗೆ ಒಪ್ಪಿದ್ದು ರಿವೈವ್ ಕೆಲಸ, ಅಂದರೆ ನಾಕ್ ಆದವರನ್ನು ಎಬ್ಬಿಸುವುದು. ಅವಸರ ಇಲ್ಲದ ಮನುಷ್ಯ, ಹಿಂದೆ ಉಳಿಯಲು ಬೇಜಾರಿಲ್ಲ. ಅವರ ಬ್ಯಾಗಿನಲ್ಲಿ ಸ್ಮೋಕ್ ಮತ್ತು ಫಸ್ಟ್ ಏಡ್ ಜಾಸ್ತಿ, ಗುಂಡು ಕಡಿಮೆ. ಯಾರಾದರೂ ನಾಕ್ ಆದರೆ ಮೊದಲು ಸ್ಮೋಕ್ ಎಸೆಯಬೇಕು, ಹೊಗೆ ಪೂರ್ತಿ ಹರಡುವ ತನಕ ಕಾಯಬೇಕು, ಆಮೇಲೆ ಹೋಗಬೇಕು. ರಿವೈವ್‌ಗೆ ಸುಮಾರು ಹತ್ತು ಸೆಕೆಂಡ್ ಹಿಡಿಯುತ್ತದೆ, ಬಯಲಲ್ಲಿ ಅದು ಒಂದು ಯುಗ. ಚುರುಕು ಹುಡುಗರು ಆ ಕಾಯುವ ಹೊತ್ತಲ್ಲೇ ಕೆಡುವುದು. ಭಾವ ಕೆಡುವುದಿಲ್ಲ.

ಗುರಿ ಕಲಿಸಲು ದೊಡ್ಡ ಮ್ಯಾಪಿನ ಕ್ಲಾಸಿಕ್ ಮ್ಯಾಚ್ ಬೇಡ. ಇಪ್ಪತ್ತು ನಿಮಿಷ ಓಡಾಡಿ ಒಮ್ಮೆ ಸತ್ತರೆ ಏನು ಕಲಿತಂತಾಯ್ತು? ವೇರ್‌ಹೌಸ್ ಎಂಬ ಚಿಕ್ಕ ಮ್ಯಾಪಿನಲ್ಲಿ ಟಿಡಿಎಂ, ಅಂದರೆ ಟೀಮ್ ಡೆತ್‌ಮ್ಯಾಚ್, ಆಡಿಸಿ. ನಾಲ್ವರ ಎದುರು ನಾಲ್ವರು, ಮೊದಲು 40 ಕಿಲ್ ಮಾಡಿದ ತಂಡ ಗೆದ್ದಂತೆ. ಸತ್ತ ಕೂಡಲೇ ಮತ್ತೆ ಹುಟ್ಟುವುದರಿಂದ ಭಯ ಬಿಡುತ್ತದೆ. ನಾವು ದಿನಾ ಎರಡು ರೌಂಡ್ ಆಡಿಯೇ ಕ್ಲಾಸಿಕ್‌ಗೆ ಹೋಗುವುದು. ರ‍್ಯಾಂಕ್ ಪುಶ್ ಮಾಡುವ ಹುಚ್ಚಿದ್ದರೆ ಬೇರೆ ಹೊತ್ತು ಇಟ್ಟುಕೊಳ್ಳಿ. ಕಲಿಯುವವರನ್ನು ಕರೆದುಕೊಂಡು ಹೋಗಿ ಪಾಯಿಂಟ್ ಹೋಯ್ತು ಎಂದು ಅಳುವುದು ಸರಿಯಲ್ಲ.

ರ‍್ಯಾಂಡಮ್‌ಗಳ, ಅಂದರೆ ಆಟವೇ ತಂದು ಸ್ಕ್ವಾಡ್‌ಗೆ ಸೇರಿಸುವ ಅಪರಿಚಿತರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಬ್ಬನೇ ಎರಾಂಗೆಲ್‌ನ ಗದ್ದಲದ ಊರು ಪೊಚಿಂಕಿಗೆ ಹಾರಿದರೆ ಹಾರಲಿ, ಹಿಂದೆ ಓಡಬೇಡಿ. ಅವನ ಭಾಷೆ ಬರದಿದ್ದರೆ ಮ್ಯಾಪಿನ ಮೇಲೆ ಮಾರ್ಕ್ ಹಾಕಿ, ಕ್ವಿಕ್ ಚಾಟ್ ಬಳಸಿ. ಕೆಟ್ಟ ಮಾತಾಡಿದರೆ ಮ್ಯೂಟ್ ಮಾಡಿ. ರಿಪೋರ್ಟ್ ಬಟನ್ ಇರುವುದು ಬೈಗುಳಕ್ಕೆ, ಹ್ಯಾಕ್ ಹಾಕುವವರಿಗೆ. ಗುರಿ ತಪ್ಪಿದ್ದಕ್ಕೆ ರಿಪೋರ್ಟ್ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಮೊನ್ನೆ ಭಾನುವಾರ ಅದೇ ಮ್ಯಾಪಿನ ರೊಜೋಕ್ ಊರಿನ ಹತ್ತಿರ ನಾನು ನಾಕ್ ಆದೆ. ಭಾವ ಸ್ಮೋಕ್ ಎಸೆದರು, ಕಾದರು, ತೆವಳಿಕೊಂಡು ಬಂದು ಎಬ್ಬಿಸಿದರು. ಎರಡು ನಿಮಿಷಕ್ಕೆ ಮತ್ತೆ ನಾಕ್ ಆದೆ. ಮತ್ತೆ ಎಬ್ಬಿಸಿದರು. ಮೂರನೇ ಸಲ ಮೈಕಿನಲ್ಲಿ ಮೆಲ್ಲಗೆ ಕೇಳಿದರು, "ಏನೋ, ಫೋನ್ ಚಾರ್ಜಿಗೆ ಹಾಕ್ಕೊಂಡು ಆಡ್ತಿದ್ದೀಯಾ?"

ಮಾತಾಡದೆ ಚಾರ್ಜರ್ ಕಿತ್ತೆ.