ಎಡಗಡೆ ಹೊಳೆಯಲಿಲ್ಲ

ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು ಅವರು. ಗರ್ಭಕೋಶದ ಕ್ಯಾನ್ಸರ್, ಅದೂ ಜೋರಾಗಿ ಹರಡುವ ಬಗೆಯದು. ಆಪರೇಷನ್ನಿನ ಹಿಂದಿನ ದಿನ ನನ್ನನ್ನು ಕೇಳಿದ್ದು ಒಂದೇ: "ಕಾಲು ಊದ್ಕೊಂಡ್ರೆ ಮೆಷಿನ್ ತುಳಿಯೋದು ಹೇಗೆ ಮೇಡಂ?"

ಭಯ ಸುಮ್ನೆ ಅಲ್ಲ. ಮೊದಲೆಲ್ಲ ಕಿಬ್ಬೊಟ್ಟೆಯ ಎರಡೂ ಬದಿಯ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ಗುಡಿಸಿದ ಹಾಗೆ ತೆಗೆಯುತ್ತಿದ್ದೆವು. ಅದರಿಂದ ಕೆಲವರಿಗೆ ಊದಿದ ಕಾಲು ಇಳಿಯುತ್ತಲೇ ಇರಲಿಲ್ಲ. ಈಗ ಕ್ಯಾನ್ಸರ್ ಹರಡಿದರೆ ಮೊದಲು ಮುಟ್ಟುವ ಗ್ರಂಥಿಯನ್ನು ಹುಡುಕಿ, ಸಾಧ್ಯವಾದರೆ ಅದನ್ನಷ್ಟೇ ತೆಗೆಯುತ್ತೇವೆ. ಅದೇ ಸೆಂಟಿನೆಲ್ ನೋಡ್.

ದಾರಿ ತೋರಿಸುವುದು ಇಂಡೋಸಯನೀನ್ ಗ್ರೀನ್ ಎಂಬ ಬಣ್ಣ. ಇನ್‌ಫ್ರಾರೆಡ್ ಬೆಳಕು ಹಾಯಿಸಿದರೆ ಕ್ಯಾಮೆರಾದಲ್ಲಿ ಹೊಳೆಯುತ್ತದೆ. 25 ಮಿಲಿಗ್ರಾಂ ಪುಡಿಗೆ 20 ಎಂಎಲ್ ಸ್ಟೆರೈಲ್ ವಾಟರ್. ಸಲೈನ್ ಬೇಡವೇ ಬೇಡ. ಅಯೋಡಿನ್ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿರಬೇಕು. ಗರ್ಭಕಂಠವನ್ನು ಗಡಿಯಾರ ಅಂದುಕೊಂಡರೆ 3 ಮತ್ತು 9ರ ಜಾಗದಲ್ಲಿ ಚುಚ್ಚುವುದು: ಪ್ರತಿ ಕಡೆ 1 ಎಂಎಲ್ ಆಳಕ್ಕೆ, 1 ಎಂಎಲ್ ಮೇಲುಮೇಲಕ್ಕೆ.

ಕ್ಯಾಮೆರಾ ಹೊಸದಾಗಿ ಬಂದಾಗ ಅದೇ ಎಲ್ಲ ಮಾಡುತ್ತದೆ ಅಂದುಕೊಂಡಿದ್ದೆ. ಅವಸರದಲ್ಲಿ ಸಿರಿಂಜ್ ಒತ್ತಿದೆ. ಬಣ್ಣ ಸೋರಿತು. ಸ್ಕ್ರೀನ್ ತುಂಬ ಹಸಿರು, ಮಂಡ್ಯದ ಗದ್ದೆ ಥರ! ಅದರಲ್ಲಿ ಗ್ರಂಥಿ ಯಾವುದು ಅಂತ ಹುಡುಕುವುದು? ಇನ್ನೊಂದು ಸಲ ಚೆನ್ನಾಗಿ ಹೊಳೆದದ್ದನ್ನೇ ತೆಗೆದು ಕಳಿಸಿದೆ. ಪೆಥಾಲಜಿಯಿಂದ ಫೋನ್ ಬಂತು: "ಡಾಕ್ಟ್ರೇ, ಇದರಲ್ಲಿ ಗ್ರಂಥಿನೇ ಇಲ್ಲ, ಬರೀ ಕೊಬ್ಬು." ಗ್ರಂಥಿಗೆ ಹೋಗುವ ನಾಳವೊಂದು ಉಬ್ಬಿದ್ದನ್ನು ನಾನು ಗ್ರಂಥಿ ಅಂದುಕೊಂಡಿದ್ದೆ. ಅವತ್ತಿನಿಂದ ಸಿರಿಂಜ್ ತುಂಬಾ ನಿಧಾನ. ಗರ್ಭಕೋಶದ ಪಕ್ಕದಿಂದ ನಾಳದ ಜಾಡು ಹಿಡಿದೇ ಹೋಗುತ್ತೇನೆ. ತೆಗೆದ ತುಂಡನ್ನು ಬೆರಳಲ್ಲಿ ಒತ್ತಿ ನೋಡದೆ ಡಬ್ಬಿಗೆ ಹಾಕುವುದಿಲ್ಲ.

ಪೀಣ್ಯದವರಿಗೆ ಬಲಗಡೆ ಬೇಗ ಹೊಳೆಯಿತು. ಎಡಗಡೆ ಕತ್ತಲೆ. ಮತ್ತೆ ಚುಚ್ಚಿ ಕಾದೆವು. ಊಹೂಂ. ಇದು ಅಪರೂಪವೂ ಅಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಫೈರ್ಸ್ ಅಧ್ಯಯನದಲ್ಲಿ ಎರಡೂ ಕಡೆ ಗ್ರಂಥಿ ಸಿಕ್ಕಿದ್ದು ಶೇ. 52 ಜನರಿಗೆ ಮಾತ್ರ. ಗ್ರಂಥಿಗೆ ಹರಡಿದ ಕ್ಯಾನ್ಸರನ್ನು ಸೆಂಟಿನೆಲ್ ನೋಡ್ ಶೇ. 97 ಜನರಲ್ಲಿ ಹಿಡಿಯುತ್ತದೆ ಎಂಬ ಅದೇ ಅಧ್ಯಯನದ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದು ಗ್ರಂಥಿ ಸಿಕ್ಕವರ ಲೆಕ್ಕ. ಹೊಳೆಯದ ಕಡೆ ಕ್ಯಾನ್ಸರ್ ಇಲ್ಲ ಅಂತ ಅರ್ಥ ಅಲ್ಲವಲ್ಲ. ಇಂಥ ಕ್ಯಾನ್ಸರಿನಲ್ಲಿ ಆ ಬದಿಯ ಗ್ರಂಥಿಗಳನ್ನು ಹಳೆಯ ರೀತಿಯಲ್ಲೇ ಪೂರ್ತಿ ತೆಗೆಯಬೇಕು. ತೆಗೆದೆ.

ಮಾರನೇ ದಿನ ಮುಚ್ಚಿಡದೆ ಹೇಳಿದೆ: ಎಡಗಾಲು ಊದುವ ಸಾಧ್ಯತೆ ಇದೆ, ಗಮನ ಇಟ್ಟಿರಿ.

ಸ್ವಲ್ಪ ಹೊತ್ತು ಯೋಚಿಸಿದರು. "ಪೆಡಲ್ ತುಳಿಯೋದು ಬಲಗಾಲಲ್ಲೇ, ಬಿಡಿ ಮೇಡಂ."